ನಾಲ್ಕು ಜನ, ಒಂದು ಚಾರ್ಜರ್

ಹುಬ್ಬಳ್ಳಿಯಲ್ಲಿ ಒಂದು ಪ್ರಾಜೆಕ್ಟ್ ಎಕ್ಸಿಬಿಷನ್ ಇತ್ತು. ನಾವು ನಾಲ್ಕು ಜನ ಹೋಗಿದ್ವಿ. ನಮ್ಮ ಪ್ರಾಜೆಕ್ಟ್ ಏನಂದ್ರೆ, ಅಡಿಕೆಯನ್ನು ಕ್ಯಾಮೆರಾದಲ್ಲಿ ನೋಡಿ ಒಳ್ಳೇದು ಯಾವುದು, ಒಡೆದದ್ದು ಯಾವುದು, ಕಪ್ಪಾದದ್ದು ಯಾವುದು ಅಂತ ವಿಂಗಡಿಸೋದು. ಒಂದು ರಾಸ್ಪ್‌ಬೆರಿ ಪೈ ಬೋರ್ಡು, ಒಂದು ಕ್ಯಾಮೆರಾ, ಫಲಿತಾಂಶ ತೋರಿಸೋಕೆ ಒಂದು ಲ್ಯಾಪ್‌ಟಾಪ್, ಜೊತೆಗೆ ಒಂದು ಡಬ್ಬಿ ಅಡಿಕೆ. ಇಷ್ಟೇ ಸಾಮಾನು. ಬ್ಯಾಗ್ ಹಗುರ ಇರಲಿ ಅಂತ ಹೊರಡೋ ಹಿಂದಿನ ರಾತ್ರಿ ಒಂದು ತೀರ್ಮಾನ ಮಾಡಿದ್ವಿ: ನಾಲ್ಕು ಜನಕ್ಕೆ ನಾಲ್ಕು ಚಾರ್ಜರ್ ಯಾಕೆ? ನಮ್ಮಲ್ಲೊಬ್ಬನ ಹತ್ತಿರ ಮೂರು ಪೋರ್ಟಿನ 65 ವ್ಯಾಟ್ ಚಾರ್ಜರ್ ಇದೆ, ಅದೊಂದೇ ಸಾಕು.

ಮಾರನೇ ದಿನ ಜಡ್ಜ್ ಆಗಿ ಬಂದಿದ್ದ ಸರ್ ನಮ್ಮ ಸ್ಟಾಲ್ ಮುಂದೆ ನಿಂತರು. ಡಬ್ಬಿಯಿಂದ ತಾವೇ ಒಂದು ಅಡಿಕೆ ಆರಿಸಿ ಕ್ಯಾಮೆರಾ ಕೆಳಗೆ ಇಟ್ಟರು. ಅದೇ ಹೊತ್ತಿಗೆ ನಮ್ಮಲ್ಲಿ ಇನ್ನೊಬ್ಬ ಟೇಬಲ್ ಕೆಳಗೆ ಬಗ್ಗಿ, ಸಾಯೋಕೆ ಬಂದಿದ್ದ ತನ್ನ ಫೋನನ್ನು ಚಾರ್ಜರಿನ ಖಾಲಿ ಪೋರ್ಟಿಗೆ ಹಾಕಿದ. ಬೋರ್ಡಿನ ಕೆಂಪು ದೀಪ ಒಂದು ಕ್ಷಣ ಆರಿ ಮತ್ತೆ ಹತ್ತಿತು. ಅಷ್ಟೇ. ಪೈ ರೀಬೂಟ್ ಆಯ್ತು. ಅದು ಎದ್ದು, ನಾವು ಪ್ರೋಗ್ರಾಂ ಮತ್ತೆ ಶುರು ಮಾಡಿ, ಮಾಡೆಲ್ ಲೋಡ್ ಆಗೋವರೆಗೆ ಸರ್ ನಿಂತುಕೊಳ್ಳಲಿಲ್ಲ. "ಪರವಾಗಿಲ್ಲ, ಆಮೇಲೆ ಬರ್ತೀನಿ" ಅಂದರು. ಬರಲಿಲ್ಲ.

"ಏನೋ ಮಾಡ್ದೆ ಮಗಾ?" ಅಂತ ಮೂವರೂ ಒಬ್ಬನ ಮೇಲೆ ಮುಗಿಬಿದ್ವಿ. ಪಾಪ, ಅವನು ಮಾಡಿದ್ದು ಏನು? ಖಾಲಿ ಇದ್ದ ಪೋರ್ಟಿಗೆ ಫೋನ್ ಹಾಕಿದ. ಖಾಲಿ ಪೋರ್ಟ್ ಇರೋದೇ ಅದಕ್ಕಲ್ವಾ? ಎರಡನೇ ವರ್ಷದ ಎಂಜಿನಿಯರಿಂಗ್ ಓದ್ತಿರೋ ನಾಲ್ಕು ಜನಕ್ಕೂ ಇದಕ್ಕೆ ಆವತ್ತು ಉತ್ತರ ಗೊತ್ತಿರಲಿಲ್ಲ. ವಾಪಸ್ ಬಂದ ಮೇಲೆ ಸೀನಿಯರ್ ಒಬ್ಬರಿಂದ ಯುಎಸ್‌ಬಿ ಮೀಟರ್ ಇಸ್ಕೊಂಡು, ಅದೇ ಚಾರ್ಜರ್ ಎದುರಿಗಿಟ್ಟುಕೊಂಡು ಕೂತ್ವಿ. ಆಗ ಗೊತ್ತಾಗಿದ್ದನ್ನ ಇಲ್ಲಿ ಬರೀತಿದ್ದೀವಿ. ಟೂರ್, ಇಂಡಸ್ಟ್ರಿಯಲ್ ವಿಸಿಟ್, ಹ್ಯಾಕಥಾನ್ ಅಂತ ಓಡಾಡೋ ಎಲ್ಲರಿಗೂ ಇದು ಬೇಕಾಗುತ್ತೆ.

ಮೊದಲು ಚಾರ್ಜರಿನ ಹೊಟ್ಟೆ ಮೇಲೆ ಬರೆದಿರೋ ಸಣ್ಣ ಅಕ್ಷರ ಓದೋಣ. ನಾವು ಓದಿರಲಿಲ್ಲ, ಅದೇ ತಪ್ಪು. ನಮ್ಮದರ ಮೇಲೆ ಹೀಗಿತ್ತು. ಸಿ1 ಒಂದೇ ಬಳಸಿದರೆ 65 ವ್ಯಾಟ್. ಸಿ1 ಮತ್ತು ಸಿ2 ಒಟ್ಟಿಗೆ ಬಳಸಿದರೆ 45 ಮತ್ತು 20. ಸಿ2 ಮತ್ತು ಎ ಒಟ್ಟಿಗೆ ಬಳಸಿದರೆ ಎರಡೂ ಸೇರಿ 15 ವ್ಯಾಟ್, ಅಂದರೆ 5 ವೋಲ್ಟ್, 3 ಆಂಪಿಯರ್. ಮೂರನ್ನೂ ಬಳಸಿದರೆ ಸಿ1ಗೆ 45, ಉಳಿದೆರಡಕ್ಕೂ ಸೇರಿ ಅದೇ 15. ಅಂಗಡಿಯಲ್ಲಿ ಪೆಟ್ಟಿಗೆ ಮೇಲೆ ದೊಡ್ಡದಾಗಿ 65 ಅಂತ ಕಾಣುತ್ತೆ. ಈ ಹಂಚಿಕೆ ಮಾತ್ರ ಭೂತಗನ್ನಡಿ ಹಿಡಿದರೇನೇ ಕಾಣೋದು.

ಈ 15ರ ಲೆಕ್ಕ ಎಲ್ಲಿಂದ ಬಂತು ಅಂದರೆ, ಚಾರ್ಜರ್ ಒಳಗೆ ಗೋಡೆಯ ಎಸಿಯನ್ನು ಡಿಸಿ ಮಾಡೋ ಭಾಗ ಒಂದೇ ಇರುತ್ತೆ. ಅದರ ಮುಂದೆ ಪ್ರತಿ ಪೋರ್ಟಿಗೆ ಬೇಕಾದ ವೋಲ್ಟೇಜ್‌ಗೆ ಇಳಿಸೋ ಬಕ್ ಕನ್ವರ್ಟರ್‌ಗಳು. ಮೂರು ಪೋರ್ಟಿಗೆ ಮೂರು ಕನ್ವರ್ಟರ್ ಹಾಕಿದರೆ ಖರ್ಚೂ ಜಾಸ್ತಿ, ಗಾತ್ರಾನೂ ಜಾಸ್ತಿ. ಹಾಗಾಗಿ ಎಷ್ಟೋ ಚಾರ್ಜರ್‌ಗಳಲ್ಲಿ ಸಿ2 ಮತ್ತು ಎ ಎರಡೂ ಒಂದೇ ಕನ್ವರ್ಟರಿಗೆ ನೇತುಬಿದ್ದಿರುತ್ತವೆ. ಒಂದು ಕನ್ವರ್ಟರ್ ಒಂದು ಹೊತ್ತಿಗೆ ಒಂದೇ ವೋಲ್ಟೇಜ್ ಕೊಡಬಲ್ಲದು. ಸಿ2ನಲ್ಲಿರೋ ಫೋನಿಗೆ 9 ವೋಲ್ಟ್ ಹೋಗ್ತಿರುವಾಗ ಎ ಪೋರ್ಟಿಗೆ ಯಾರೋ ಇಯರ್‌ಬಡ್ ಹಾಕಿದರೆ? ಅದಕ್ಕೂ 9 ವೋಲ್ಟ್ ಹೋದರೆ ಅದರ ಕಥೆ ಮುಗೀತು. ಎಲ್ಲರಿಗೂ ತಡೆದುಕೊಳ್ಳೋ ವೋಲ್ಟೇಜ್ ಅಂದರೆ 5. ಆದ್ದರಿಂದ ಚಾರ್ಜರ್ ಎರಡೂ ಪೋರ್ಟಿನ ಕರೆಂಟ್ ಒಮ್ಮೆ ಕಿತ್ತು, 5 ವೋಲ್ಟಿಗೆ ಇಳಿದು, ಮತ್ತೆ ಕೊಡುತ್ತೆ. ಸಿ2ನಲ್ಲಿ ಮೊದಲೇ 5 ವೋಲ್ಟೇ ಇದ್ದರೂ ನಮ್ಮ ಚಾರ್ಜರ್ ಕಿತ್ತು ಕೊಡೋ ಶಾಸ್ತ್ರ ಬಿಡಲಿಲ್ಲ. ಮೀಟರ್ ಹಾಕಿ ಹತ್ತು ಸಲ ನೋಡಿದ್ವಿ. ಎ ಪೋರ್ಟಿಗೆ ಏನು ಹಾಕಿದರೂ, ಅಷ್ಟೇ ಯಾಕೆ, ಹಾಕಿದ್ದನ್ನು ತೆಗೆದರೂ, ಸಿ2ನಲ್ಲಿದ್ದ ಮೀಟರಿನ ಪರದೆ ಸುಮಾರು ಒಂದು ಸೆಕೆಂಡ್ ಕಪ್ಪಾಗ್ತಿತ್ತು.

ಆ ಒಂದು ಸೆಕೆಂಡ್ ಫೋನಿಗೆ ಲೆಕ್ಕಕ್ಕಿಲ್ಲ. ಅದರ ಹೊಟ್ಟೆಯಲ್ಲಿ ಬ್ಯಾಟರಿ ಇದೆ. ಲ್ಯಾಪ್‌ಟಾಪಿಗೂ ಅಷ್ಟೇ. ಪೈಗೆ ಬ್ಯಾಟರಿ ಇಲ್ಲ! ಬ್ಯಾಟರಿ ಇಲ್ಲದ ಯಾವ ವಸ್ತುವಿಗೂ ಇದೇ ಗತಿ: ಯುಎಸ್‌ಬಿಯಲ್ಲಿ ನಡೆಯೋ ಸಣ್ಣ ಮಾನಿಟರ್, ವೈಫೈ ಡಾಂಗಲ್, ನಾವೆಲ್ಲ ಲ್ಯಾಬಿನಲ್ಲಿ ಬಳಸೋ ಇಎಸ್‌ಪಿ ಬೋರ್ಡುಗಳು. ಬ್ಯಾಗ್ ಕಟ್ಟುವಾಗ ನಮಗೆ ಹೊಳೆಯಬೇಕಿದ್ದ ವಿಂಗಡಣೆ ಇದು. ಯಾವುದಕ್ಕೆ ಎಷ್ಟು ವ್ಯಾಟ್ ಅನ್ನೋದು ಆಮೇಲಿನ ಮಾತು. ಯಾವುದಕ್ಕೆ ತನ್ನದೇ ಬ್ಯಾಟರಿ ಇದೆ, ಯಾವುದಕ್ಕೆ ಇಲ್ಲ ಅನ್ನೋದು ಮೊದಲನೇ ಮಾತು. ಅಡಿಕೆ ವಿಂಗಡಿಸೋ ಪ್ರಾಜೆಕ್ಟ್ ಮಾಡಿದವರಿಗೆ ಇಷ್ಟು ವಿಂಗಡಿಸೋಕೆ ಬರಲಿಲ್ಲ.

ಹಾಗಾದರೆ ಆ ಫೋನ್ ಬೆಳಗ್ಗೆ ಹತ್ತು ಗಂಟೆಗೇ ಯಾಕೆ ಸಾಯೋಕೆ ಬಂದಿತ್ತು? ರಾತ್ರಿ ಲಾಡ್ಜಿನಲ್ಲಿ ಇಡೀ ರಾತ್ರಿ ಚಾರ್ಜರ್ ಗೋಡೆಯಲ್ಲೇ ಇತ್ತಲ್ಲ? ಅಸಲಿ ಪಾಠ ಇರೋದು ಇಲ್ಲಿ.

ನಾಲ್ಕು ಫೋನು, ಒಂದೊಂದೂ 5000 ಮಿಲಿಆಂಪಿಯರ್-ಅವರ್. ಬ್ಯಾಟರಿಯ ಸರಾಸರಿ ವೋಲ್ಟೇಜ್ 3.85 ಅಂತ ಇಟ್ಟುಕೊಂಡರೆ ಒಂದು ಫೋನಿಗೆ ಸುಮಾರು 19 ವ್ಯಾಟ್-ಅವರ್. ನಾಲ್ಕಕ್ಕೆ 76. ಲ್ಯಾಪ್‌ಟಾಪಿನ ಬ್ಯಾಟರಿ 50. ಎರಡು ಜೊತೆ ಇಯರ್‌ಬಡ್ ಮತ್ತು ಒಂದು ವಾಚು ಎಲ್ಲ ಸೇರಿ 5 ಅನ್ನಿ. ಒಟ್ಟು 131. ಬಿಸಿಯಾಗಿ ಹೋಗೋದು, ಕೇಬಲ್ಲಿನಲ್ಲಿ ಹೋಗೋದು ಅಂತ ಕಾಲು ಭಾಗ ಮೇಲೆ ಸೇರಿಸಿದರೂ 165 ದಾಟಲ್ಲ. ನಮ್ಮ ಚಾರ್ಜರ್ 65 ವ್ಯಾಟಿನದು. ರಾತ್ರಿ ಹನ್ನೊಂದರಿಂದ ಬೆಳಗ್ಗೆ ಆರರವರೆಗೆ ಏಳು ಗಂಟೆ. ಗುಣಿಸಿದರೆ 455 ವ್ಯಾಟ್-ಅವರ್. ಬೇಕಾದ್ದಕ್ಕಿಂತ ಎರಡೂವರೆ ಪಟ್ಟಿಗೂ ಹೆಚ್ಚು! ಅಂದರೆ ಒಂದು ಚಾರ್ಜರ್ ಸಾಕು ಅನ್ನೋ ನಮ್ಮ ತೀರ್ಮಾನದಲ್ಲಿ ತಪ್ಪಿರಲಿಲ್ಲ. ತಪ್ಪಿದ್ದು ಸರದಿ.

ನಡೆದದ್ದು ಏನಂದ್ರೆ, ಲ್ಯಾಪ್‌ಟಾಪ್ ಮುಖ್ಯ ಅಂತ ಅದನ್ನ ಸಿ1ಗೆ ಹಾಕಿದ್ವಿ. ಉಳಿದ ಎರಡು ಪೋರ್ಟಿಗೆ ಎರಡು ಫೋನ್. ಇನ್ನೆರಡು ಫೋನ್ ದಿಂಬಿನ ಪಕ್ಕ ಕಾಯ್ತಾ ಕೂತವು. ಲ್ಯಾಪ್‌ಟಾಪಿಗೆ ಮೀಸಲಾದ 45 ವ್ಯಾಟಿನಲ್ಲಿ ಅದು ಒಂದೂವರೆ ಗಂಟೆಯಲ್ಲಿ ತುಂಬಿರಬೇಕು. ಆದರೆ ತುಂಬಿದ ಮೇಲೂ ಆ 45 ವ್ಯಾಟ್ ಪಕ್ಕದ ಪೋರ್ಟಿಗೆ ಹೋಗಲ್ಲ. ನಮ್ಮ ಚಾರ್ಜರಿಗೆ ಗೊತ್ತಾಗೋದು ಸಿ1ನಲ್ಲಿ ಏನೋ ಸಿಕ್ಕಿಸಿದೆ ಅನ್ನೋದಷ್ಟೇ, ಅದು ಎಷ್ಟು ಕುಡೀತಿದೆ ಅನ್ನೋದಲ್ಲ. ಬಳಕೆ ನೋಡಿ ಹಂಚಿಕೆ ಬದಲಿಸೋ ಜಾಣ ಚಾರ್ಜರ್‌ಗಳೂ ಇವೆ. ನಮ್ಮದು ಆ ಜಾತಿಯದಲ್ಲ. ಸಿ2 ಮತ್ತು ಎನಲ್ಲಿದ್ದ ಫೋನುಗಳು 15 ವ್ಯಾಟನ್ನು ಹಂಚಿಕೊಂಡು ತಲಾ ಏಳೂವರೆಯಲ್ಲಿ ಮೂರು ಗಂಟೆಗೂ ಮೇಲೆ ತಗೊಂಡವು. ಅಷ್ಟು ಹೊತ್ತಿಗೆ ನಾವೆಲ್ಲ ಗೊರಕೆ. ಸುಮಾರು ಎರಡೂಕಾಲಿಂದ ಆರರವರೆಗೆ ಚಾರ್ಜರ್ ಹೆಚ್ಚುಕಮ್ಮಿ ಸುಮ್ಮನೆ ಗೋಡೆಯಲ್ಲಿ ನೇತಾಡ್ತಿತ್ತು, ಪಕ್ಕದಲ್ಲೇ ಎರಡು ಫೋನ್ ಹಸಿದುಕೊಂಡಿದ್ದವು.

ಈಗ ನಾವು ಮಾಡೋದು ಉಲ್ಟಾ. ಎಚ್ಚರ ಇರೋವರೆಗೂ ಫೋನುಗಳು. ರೂಮಿಗೆ ಬಂದ ತಕ್ಷಣ ಸಿ1, ಸಿ2ಗೆ ಎರಡು ಫೋನ್, ಎ ಪೋರ್ಟ್ ಖಾಲಿ. ಆಗ ಎರಡಕ್ಕೂ ಸುಮಾರು 20 ವ್ಯಾಟ್ ಸಿಗುತ್ತೆ, ಒಂದು ಗಂಟೆಯಲ್ಲಿ 80 ಪರ್ಸೆಂಟಿನ ಹತ್ತಿರ ಬರ್ತವೆ. ಲಿಥಿಯಂ ಬ್ಯಾಟರಿ ತುಂಬೋ ರೀತಿ ನಿಮಗೆ ಗೊತ್ತಲ್ಲ, ಮೊದಲು ಸ್ಥಿರ ಕರೆಂಟ್, ಆಮೇಲೆ ಸ್ಥಿರ ವೋಲ್ಟೇಜ್. ಕೊನೆಯ 20 ಪರ್ಸೆಂಟಿನಲ್ಲಿ ಕರೆಂಟ್ ಇಳೀತಾ ಹೋಗುತ್ತೆ, ಆ ಹೊತ್ತಲ್ಲಿ ಒಳ್ಳೆಯ ಪೋರ್ಟ್ ಹಿಡಿದುಕೊಂಡು ಕೂರೋದು ದಂಡ. 80 ಆದ ಕೂಡಲೇ ಎದ್ದೇಳು, ಮುಂದಿನವನು ಕೂರ್ತಾನೆ. ಮೆಸ್‌ನಲ್ಲಿ ಊಟ ಮುಗಿದ ಮೇಲೂ ಹರಟೆ ಹೊಡೀತಾ ಕೂತವನನ್ನ ಎಬ್ಬಿಸಿದ ಹಾಗೆ. ಊಟ, ಸ್ನಾನ, ನಾಳೆಯ ಪಿಪಿಟಿ ತಿದ್ದೋದು ಎಲ್ಲ ಮುಗಿಯೋ ಹೊತ್ತಿಗೆ ನಾಲ್ಕು ಫೋನೂ ಆಗಿರುತ್ತೆ. ಮಲಗುವಾಗ ಲ್ಯಾಪ್‌ಟಾಪ್ ಸಿ1ಗೆ, ಇಯರ್‌ಬಡ್, ವಾಚು ಉಳಿದವಕ್ಕೆ. ಯಾರೂ ರಾತ್ರಿ ಏಳಬೇಕಿಲ್ಲ.

ಇಲ್ಲಿ ಒಂದು ಅನುಮಾನ ನಮ್ಮ ಮನೆಯವರಿಗೆಲ್ಲ ಇದೆ, ನಿಮ್ಮ ಮನೆಯಲ್ಲೂ ಇರಬಹುದು. ಲ್ಯಾಪ್‌ಟಾಪಿನ ದೊಡ್ಡ ಚಾರ್ಜರಿಗೆ ಪುಟ್ಟ ಫೋನ್ ಹಾಕಿದರೆ ಸುಟ್ಟುಹೋಗಲ್ವಾ ಅಂತ. ಹೋಗಲ್ಲ. ಚಾರ್ಜರ್ ಕರೆಂಟನ್ನು ತುರುಕಲ್ಲ, ಫೋನ್ ಬೇಕಾದಷ್ಟು ಎಳೆದುಕೊಳ್ಳುತ್ತೆ. ವೋಲ್ಟೇಜ್ ಮಾತ್ರ ಚಾರ್ಜರ್ ಕೈಯಲ್ಲಿದೆ, ಅದನ್ನೂ ಕೇಳದೆ ಏರಿಸೋ ಹಾಗಿಲ್ಲ. ಇದು ಹಳೇ ಕಾಲದ ಹೋಟೆಲ್ ಇದ್ದ ಹಾಗೆ. ನೀವು ಹೋಗಿ ಕೂರ್ತೀರಿ. ಮಾಣಿ ಬಂದು ಒಂದೇ ಉಸಿರಿಗೆ ಹೇಳ್ತಾನೆ: 5 ವೋಲ್ಟ್ ಇದೆ, 9 ಇದೆ, 15 ಇದೆ, 20 ಇದೆ, ಒಂದೊಂದರಲ್ಲಿ ಇಷ್ಟಿಷ್ಟು ಆಂಪಿಯರ್ ಸಿಗುತ್ತೆ. ಫೋನ್ 9 ಅನ್ನುತ್ತೆ. ಮಾಣಿ ಸರಿ ಅಂತ ಒಳಗೆ ಹೋಗಿ, ವೋಲ್ಟೇಜ್ ಏರಿಸಿ, ರೆಡಿ ಅಂತ ಬಂದು ಹೇಳಿದ ಮೇಲೇ ಊಟ ಶುರು. ಪವರ್ ಡೆಲಿವರಿ ಅಂತ ಕರೆಯೋದು ಇದನ್ನೇ. ಮಾತುಕತೆ ಎಲ್ಲ ಟೈಪ್-ಸಿ ಕೇಬಲ್ಲಿನ ಸಿಸಿ ಅನ್ನೋ ಒಂದೇ ತಂತಿಯ ಮೇಲೆ, ಸೆಕೆಂಡಿಗೆ 300 ಕಿಲೋಬಿಟ್ ವೇಗದಲ್ಲಿ ನಡೆಯುತ್ತೆ. ಏನೂ ಮಾತಾಡದ ಗಿರಾಕಿಗೆ ಸಿಗೋದು ಬರೀ 5 ವೋಲ್ಟ್. ಇನ್ನೊಂದು ಟೇಬಲ್ಲಿಗೆ ಗಿರಾಕಿ ಬಂದರೆ ಮಾಣಿ ಮೊದಲಿನವರ ಹತ್ತಿರ ಓಡಿ ಬಂದು ಹೊಸ ಪಟ್ಟಿ ಹೇಳ್ತಾನೆ, "20 ವೋಲ್ಟಿನಲ್ಲಿ ಈಗ ಇಷ್ಟೇ ಇರೋದು ಸಾರ್." ಲ್ಯಾಪ್‌ಟಾಪಿನ 65 ಇದ್ದಕ್ಕಿದ್ದಂತೆ 45 ಆಗೋದು ಹೀಗೆ. 45 ವ್ಯಾಟಿನಲ್ಲಿ ನೋಟ್ಸ್ ಬರೆಯೋಕೆ ತೊಂದರೆ ಇಲ್ಲ. ಮಾಡೆಲ್ ಟ್ರೈನ್ ಮಾಡೋಕೆ ಬಿಟ್ಟರೆ, ಚಾರ್ಜಿಗೆ ಹಾಕಿದ್ದಾಗಲೂ ಬ್ಯಾಟರಿ ಮೆಲ್ಲಗೆ ಇಳಿಯಬಹುದು. 180, 230 ವ್ಯಾಟ್ ಕೇಳೋ ಗೇಮಿಂಗ್ ಲ್ಯಾಪ್‌ಟಾಪ್ ಇರೋರು ಅದರ ಇಟ್ಟಿಗೆಯನ್ನು ಹೊತ್ತುಕೊಂಡೇ ಬನ್ನಿ, ಬೇರೆ ದಾರಿ ಇಲ್ಲ.

ಯುಎಸ್‌ಬಿ 1996ರಲ್ಲಿ ಬಂದಾಗ ಇದ್ಯಾವುದೂ ಇರಲಿಲ್ಲ. ಅದನ್ನು ಇಂಟೆಲ್‌ನಲ್ಲಿ ರೂಪಿಸಿದವರಲ್ಲಿ ಒಬ್ಬರು ನಮ್ಮ ದೇಶದಲ್ಲೇ ಹುಟ್ಟಿ ಬರೋಡಾದಲ್ಲಿ ಓದಿದ ಅಜಯ್ ಭಟ್. ಕೀಬೋರ್ಡು, ಮೌಸು, ಪ್ರಿಂಟರಿಗೆ ಒಂದೇ ಬಗೆಯ ಕೊಂಡಿ ಇರಲಿ ಅನ್ನೋದಷ್ಟೇ ಆಗಿನ ಆಸೆ. ಯುಎಸ್‌ಬಿ 2.0ರಲ್ಲೂ ಕಂಪ್ಯೂಟರಿನ ಒಂದು ಪೋರ್ಟಿನಿಂದ ಸಿಗ್ತಿದ್ದದ್ದು 5 ವೋಲ್ಟ್, ಅರ್ಧ ಆಂಪಿಯರ್, ಅಂದರೆ ಎರಡೂವರೆ ವ್ಯಾಟ್. 2021ರ ಪವರ್ ಡೆಲಿವರಿ 3.1ರಲ್ಲಿ ಅದು 48 ವೋಲ್ಟಿನಲ್ಲಿ 240 ವ್ಯಾಟಿಗೆ ಮುಟ್ಟಿದೆ. ಯುರೋಪಿಯನ್ ಯೂನಿಯನ್ 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರೋ ಹೊಸ ಫೋನುಗಳಿಗೆಲ್ಲ ಟೈಪ್-ಸಿ ಕಡ್ಡಾಯ ಮಾಡಿತು. ಆದರೆ ತೂತು ಒಂದೇ ಆದ ಮಾತ್ರಕ್ಕೆ ಭಾಷೆ ಒಂದೇ ಆಗಲಿಲ್ಲ ಅನ್ನೋದು ಪ್ರಯಾಣದಲ್ಲಿ ತಿಳಿಯುತ್ತೆ.

ಉದಾಹರಣೆಗೆ ನಮ್ಮ ನಾಲ್ಕು ಫೋನುಗಳಲ್ಲಿ ಒಂದು, ತನ್ನ ಸ್ವಂತ ಚಾರ್ಜರಿನಲ್ಲಿ 80 ವ್ಯಾಟಿನಲ್ಲಿ ತುಂಬುತ್ತೆ. ಅದರ ಯಜಮಾನ ಅದನ್ನೇ ಹೇಳಿಕೊಂಡು ತಿರುಗ್ತಾನೆ. ನಮ್ಮ ಚಾರ್ಜರಿನಲ್ಲಿ ಅದೇ ಫೋನ್ ಉಳಿದವುಗಳ ಸಾಲಿಗೆ ಬಂದು ನಿಂತಿತು. ಕಾರಣ, ಕೆಲವು ಕಂಪನಿಗಳ ಫಾಸ್ಟ್ ಚಾರ್ಜಿಂಗ್ ಅವರ ಮನೆಮಾತು. ವೂಕ್ ಮೊದಲು ಬಂದಾಗ ವೋಲ್ಟೇಜ್ 5ರ ಹತ್ತಿರವೇ ಇಟ್ಟು ಕರೆಂಟನ್ನು 4 ಆಂಪಿಯರಿನ ಆಸುಪಾಸಿಗೆ ಏರಿಸ್ತಿತ್ತು, ಅದಕ್ಕೆ ಅದರದ್ದೇ ದಪ್ಪ ಕೇಬಲ್ ಬೇಕಿತ್ತು. ಕ್ವಾಲ್‌ಕಾಮ್‌ನ ಕ್ವಿಕ್ ಚಾರ್ಜ್ 2.0 ಡೇಟಾ ತಂತಿಗಳ ಮೇಲಿನ ವೋಲ್ಟೇಜ್ ನೋಡಿ 9, 12ಕ್ಕೆ ಏರೋದು. ಪವರ್ ಡೆಲಿವರಿಯಲ್ಲೇ ಪಿಪಿಎಸ್ ಅಂತ ಇನ್ನೊಂದು ಬಗೆ ಇದೆ, ಅದರಲ್ಲಿ ಫೋನ್ 20 ಮಿಲಿವೋಲ್ಟಿನ ಸಣ್ಣ ಸಣ್ಣ ಹೆಜ್ಜೆಯಲ್ಲಿ ತನಗೆ ಬೇಕಾದ್ದು ಕೇಳುತ್ತೆ. ಇಬ್ಬರಿಗೂ ಬರೋ ಭಾಷೆ ಸಿಗದಿದ್ದರೆ ಇಬ್ಬರೂ ಹಳೇ 5 ವೋಲ್ಟಿಗೆ ಬಂದು ನಿಲ್ತಾರೆ. ಹಾಗಾಗಿ ಟೂರಿಗೆ ಒಂದೇ ಚಾರ್ಜರ್ ಅಂತ ಕೊಳ್ಳೋದಾದರೆ ನಮ್ಮ ಅಭಿಪ್ರಾಯ ಹೀಗೆ: ಯಾವುದೋ ಒಂದು ಕಂಪನಿಯ 120 ವ್ಯಾಟಿಗಿಂತ, ಪವರ್ ಡೆಲಿವರಿ ಮತ್ತು ಪಿಪಿಎಸ್ ಎರಡೂ ಬರೋ 65 ವ್ಯಾಟ್ ಮೇಲು.

ಈಗ ಕೇಬಲ್. ನಾವೆಲ್ಲ ಚಾರ್ಜರಿಗೆ ಎರಡು ಸಾವಿರ ಕೊಟ್ಟು ಕೇಬಲ್ಲಿಗೆ ಬಸ್ ಸ್ಟ್ಯಾಂಡಿನಲ್ಲಿ ಎಂಬತ್ತು ರೂಪಾಯಿ ಕೊಡೋ ಜನ. ಒಂದು ಲೆಕ್ಕ ಮಾಡೋಣ, ಬೇಸಿಕ್ ಎಲೆಕ್ಟ್ರಿಕಲ್‌ನ ಮೊದಲ ಅಧ್ಯಾಯ ಸಾಕು. ಅಗ್ಗದ ಕೇಬಲ್ಲಿನಲ್ಲಿ ಪವರ್ ತಂತಿ 28 ಗೇಜಿನದ್ದು ಅಂತಿಟ್ಟುಕೊಳ್ಳಿ. ಆ ತಾಮ್ರಕ್ಕೆ ಮೀಟರಿಗೆ ಸುಮಾರು 0.213 ಓಮ್. ಒಂದು ಮೀಟರ್ ಕೇಬಲ್ ಅಂದರೆ ಹೋಗಿ ಬರೋ ದಾರಿ ಎರಡು ಮೀಟರ್, ಒಟ್ಟು 0.43 ಓಮ್. ಪೈ ಬೋರ್ಡ್ 1 ಆಂಪಿಯರ್ ಎಳೆದರೆ ತಂತಿಯಲ್ಲೇ 0.43 ವೋಲ್ಟ್ ಕಳೆಯುತ್ತೆ. ಹೊರಟಿದ್ದು 5, ಮುಟ್ಟಿದ್ದು 4.57. ರಾಸ್ಪ್‌ಬೆರಿ ಪೈ 4.63 ವೋಲ್ಟಿಗಿಂತ ಕೆಳಗಿಳಿದರೆ ಪರದೆಯ ಮೂಲೆಯಲ್ಲಿ ಹಳದಿ ಮಿಂಚಿನ ಗುರುತು ತೋರಿಸುತ್ತೆ. ಅದನ್ನು ನಾವು ಎಷ್ಟು ಸಲ ನೋಡಿ "ಏನೋ ಬರುತ್ತೆ ಬಿಡು" ಅಂದಿಲ್ಲ! ಅದೇ 22 ಗೇಜಿನ ತಂತಿಯಾದರೆ ಮೀಟರಿಗೆ 0.053 ಓಮ್, ಕಳೆಯೋದು ಬರೀ 0.1 ವೋಲ್ಟ್. ಹೊರಗಿನಿಂದ ನೋಡಿದರೆ ಎರಡೂ ಕೇಬಲ್ ಒಂದೇ ಥರ, ಕೆಲವು ಸಲ ತೆಳ್ಳನೆ ತಂತಿಯದ್ದೇ ಹೆಣೆದ ಬಟ್ಟೆ ಸುತ್ತಿಕೊಂಡು ದಪ್ಪ ಕಾಣುತ್ತೆ.

ಇದೇ ಲೆಕ್ಕದಲ್ಲಿ 9 ವೋಲ್ಟಿನ ಗುಟ್ಟೂ ಇದೆ. ಆ ತೆಳು ಕೇಬಲ್ಲಿನಲ್ಲಿ 18 ವ್ಯಾಟ್ ಕಳಿಸಬೇಕು. 5 ವೋಲ್ಟಿನಲ್ಲಿ ಕಳಿಸಿದರೆ 3.6 ಆಂಪಿಯರ್, ಅದರ ವರ್ಗ ಗುಣಿಸು 0.43, ಐದೂವರೆ ವ್ಯಾಟ್ ತಂತಿ ಬಿಸಿ ಮಾಡೋಕೇ ಹೋಗುತ್ತೆ. 9 ವೋಲ್ಟಿನಲ್ಲಿ ಆದರೆ 2 ಆಂಪಿಯರ್, ನಷ್ಟ 1.7 ವ್ಯಾಟ್. ಶರಾವತಿಯ ವಿದ್ಯುತ್ತನ್ನು ಬೆಂಗಳೂರಿಗೆ 220 ಕಿಲೋವೋಲ್ಟಿಗೆ ಏರಿಸಿ ತರೋದು ಯಾವ ಕಾರಣಕ್ಕೋ, ನಮ್ಮ ಒಂದು ಮೀಟರ್ ಕೇಬಲ್ಲಿನಲ್ಲೂ ಅದೇ ಕಾರಣ. ಪವರ್ ಸಿಸ್ಟಮ್ಸ್ ಕ್ಲಾಸಿನಲ್ಲಿ ನಿದ್ದೆ ಮಾಡಿದವರಿಗೆ ಜೇಬಿನಲ್ಲೇ ಪುನರಾವರ್ತನೆ.

ಇನ್ನೊಂದು ವಿಷಯ, ಮಾಮೂಲಿ ಸಿ-ಟು-ಸಿ ಕೇಬಲ್ ಹೊರಬಲ್ಲದ್ದು 3 ಆಂಪಿಯರ್. 20 ವೋಲ್ಟ್ ಗುಣಿಸು 3 ಅಂದರೆ 60 ವ್ಯಾಟ್. 65 ವ್ಯಾಟ್ ಬೇಕಾದರೆ 3.25 ಆಂಪಿಯರ್ ಹೋಗಬೇಕು, ಅದಕ್ಕೆ ಕೇಬಲ್ಲಿನ ತುದಿಯೊಳಗೆ "ನಾನು 5 ಆಂಪಿಯರ್ ತಡೀತೀನಿ" ಅಂತ ಹೇಳೋ ಇ-ಮಾರ್ಕರ್ ಅನ್ನೋ ಚಿಪ್ ಇರಬೇಕು. ಇಲ್ಲದಿದ್ದರೆ ಚಾರ್ಜರ್ ಜಾಣತನದಿಂದ 60ಕ್ಕೇ ನಿಲ್ಲಿಸುತ್ತೆ. ಇದರಿಂದ ಅನಾಹುತ ಏನೂ ಇಲ್ಲ. 65 ಕೊಟ್ಟು ತಂದು 60 ಬಳಸೋದು ಅಷ್ಟೇ.

ಟ್ರಿಮ್ಮರ್ ವಿಷಯ ಹೇಳದಿದ್ದರೆ ನಮ್ಮಲ್ಲೊಬ್ಬ ಬೇಜಾರು ಮಾಡ್ಕೊತಾನೆ. ಹುಬ್ಬಳ್ಳಿಗೆ ಹೋದ ರಾತ್ರಿ ಅವನ ಟೈಪ್-ಸಿ ಟ್ರಿಮ್ಮರ್ ಎಷ್ಟು ತಿರುಗಿಸಿ ಹಾಕಿದರೂ ಚಾರ್ಜ್ ಆಗಲಿಲ್ಲ. ಕೆಟ್ಟಿದೆ ಅಂದ್ಕೊಂಡು ಅರ್ಧ ಗಡ್ಡದಲ್ಲೇ ಎಕ್ಸಿಬಿಷನ್‌ಗೆ ಬಂದ. ಮನೆಗೆ ಹೋಗಿ ಹಳೇ ಕೇಬಲ್ ಹಾಕಿದರೆ ಚೆನ್ನಾಗೇ ಇದೆ! ಟೈಪ್-ಸಿ ಪೋರ್ಟಿನಲ್ಲಿ ಸುಮ್ಮನೆ ಇದ್ದಾಗ ಕರೆಂಟೇ ಇರಲ್ಲ. ಆ ಕಡೆ ಇರೋ ವಸ್ತು ತನ್ನ ಎರಡು ಸಿಸಿ ಪಿನ್ನುಗಳಿಂದ ಗ್ರೌಂಡಿಗೆ ಒಂದೊಂದು 5.1 ಕಿಲೋಓಮ್ ರೆಸಿಸ್ಟರ್ ಹಾಕಿಕೊಂಡಿರಬೇಕು. ಚಾರ್ಜರ್ ಅದನ್ನು ನೋಡಿ "ಓ, ಯಾರೋ ಬಂದ್ರು" ಅಂತ 5 ವೋಲ್ಟ್ ಬಿಡುತ್ತೆ. ಅಗ್ಗದ ಟ್ರಿಮ್ಮರ್, ಟಾರ್ಚು, ಸ್ಪೀಕರ್ ಮಾಡೋರು ಎಷ್ಟೋ ಸಲ ಬಿಡಿಗಾಸಿನ ಆ ಎರಡು ರೆಸಿಸ್ಟರ್‌ನಲ್ಲಿ ಉಳಿತಾಯ ಮಾಡ್ತಾರೆ. ಬಾಗಿಲು ತಟ್ಟದವನಿಗೆ ಬಾಗಿಲು ತೆಗೆಯಲ್ಲ. ಎ ಪೋರ್ಟಿನಲ್ಲಿ ಹಾಗಲ್ಲ, ಅಲ್ಲಿ 5 ವೋಲ್ಟ್ ಯಾವಾಗಲೂ ಇರುತ್ತೆ. ಅದಕ್ಕೇ ಎ-ಟು-ಸಿ ಕೇಬಲ್ ಒಂದು ಚೀಲದಲ್ಲಿ ಇರಲೇಬೇಕು. ಈ ರೆಸಿಸ್ಟರ್ ವಿಷಯದಲ್ಲಿ ದೊಡ್ಡವರೂ ಎಡವಿದ್ದಾರೆ: 2019ರಲ್ಲಿ ಬಂದ ಪೈ 4ರ ಮೊದಲ ಬೋರ್ಡುಗಳಲ್ಲಿ ಎರಡು ಪಿನ್ನಿಗೂ ಸೇರಿ ಒಂದೇ ರೆಸಿಸ್ಟರ್ ಇತ್ತು. ಇ-ಮಾರ್ಕರ್ ಇರೋ ಒಳ್ಳೆಯ ಕೇಬಲ್ ಹಾಕಿದರೆ ಚಾರ್ಜರ್ ಅದನ್ನು ಆಡಿಯೋ ಅಡಾಪ್ಟರ್ ಅಂದುಕೊಂಡು ಕರೆಂಟೇ ಕೊಡ್ತಿರಲಿಲ್ಲ. ಆಮೇಲಿನ ಬೋರ್ಡುಗಳಲ್ಲಿ ಸರಿ ಮಾಡಿದರು.

ರೈಲಿನ ಬಗ್ಗೆ ಎರಡು ಮಾತು. ಬೋಗಿಯ ಸಾಕೆಟ್ ಪಕ್ಕ 110 ವೋಲ್ಟ್ ಅಂತ ಬರೆದಿರೋದು ನೋಡಿ ಗಾಬರಿ ಬೇಡ. ಚಾರ್ಜರ್ ಮೇಲೆ ಇನ್‌ಪುಟ್ 100ರಿಂದ 240 ಅಂತ ಇದ್ದರೆ ಅದು ಅಲ್ಲೂ ನಡೆಯುತ್ತೆ. ತೊಂದರೆ ಬೇರೆ: ಅನೇಕ ರೈಲುಗಳಲ್ಲಿ ರಾತ್ರಿ ಹನ್ನೊಂದರಿಂದ ಬೆಳಗ್ಗೆ ಐದರವರೆಗೆ ಚಾರ್ಜಿಂಗ್ ಪಾಯಿಂಟುಗಳನ್ನು ಆಫ್ ಮಾಡ್ತಾರೆ. ರಾತ್ರಿಯಿಡೀ ರೈಲಿನಲ್ಲೇ ತುಂಬಿಸಿಕೊಳ್ಳೋಣ ಅನ್ನೋ ಲೆಕ್ಕ ಇಟ್ಟುಕೊಂಡು ಹತ್ತಬೇಡಿ. ಸಡಿಲವಾದ ಸಾಕೆಟ್ಟಿನಲ್ಲಿ ಭಾರದ ಚಾರ್ಜರ್ ನಿಲ್ಲೋದೂ ಇಲ್ಲ, ಬ್ರೇಕ್ ಬಿದ್ದಾಗೊಮ್ಮೆ ಕಳಚಿ ಕೆಳಗಿನ ಬರ್ತಿನ ಅಜ್ಜಿಯ ಚೀಲದೊಳಗೆ ಬೀಳುತ್ತೆ. ವಿಮಾನದಲ್ಲಿ ಹೋಗೋರು ಪವರ್ ಬ್ಯಾಂಕನ್ನು ಕೈಚೀಲದಲ್ಲೇ ಇಟ್ಟುಕೊಳ್ಳಬೇಕು, ಲಗೇಜಿಗೆ ಹಾಕೋ ಹಾಗಿಲ್ಲ. ಏರ್‌ಲೈನಿನ ಒಪ್ಪಿಗೆ ಕೇಳದೆ ಒಯ್ಯಬಹುದಾದ ಮಿತಿ 100 ವ್ಯಾಟ್-ಅವರ್. 20,000 ಮಿಲಿಆಂಪಿಯರ್-ಅವರ್ ಗುಣಿಸು 3.7 ವೋಲ್ಟ್, 74 ಬರುತ್ತೆ, ಸರಿಹೋಯ್ತು.

ಎಲ್ಲರೂ ಒಂದೇ ಚಾರ್ಜರ್ ನಂಬಿಕೊಂಡು ಹೋಗ್ತೀವಿ ಅಂದ ಮೇಲೆ ಅದು ಒಳ್ಳೇದಿರಬೇಕು ಅನ್ನೋದನ್ನ ಬೇರೆ ಹೇಳಬೇಕಿಲ್ಲ. ನಮ್ಮ ದೇಶದಲ್ಲಿ ಮಾರೋ ಅಡಾಪ್ಟರ್ ಮೇಲೆ ಬಿಐಎಸ್ ಗುರುತು, ಆರ್ ಅಕ್ಷರದಿಂದ ಶುರುವಾಗೋ ನೋಂದಣಿ ಸಂಖ್ಯೆ ಇರಬೇಕು. ಅದಿಲ್ಲದ "65 ವ್ಯಾಟ್" ನಾಲ್ಕು ನೂರು ರೂಪಾಯಿಗೆ ಸಿಕ್ಕರೆ, ಗೋಡೆಯ 230 ವೋಲ್ಟಿಗೂ ನಿಮ್ಮ ಕೈಯಲ್ಲಿರೋ ಫೋನಿಗೂ ನಡುವೆ ಇರಬೇಕಾದ ಅಂತರದಲ್ಲಿ ಯಾರೋ ದುಡ್ಡು ಉಳಿಸಿದ್ದಾರೆ ಅಂತಲೇ ಅರ್ಥ. ನಾಲ್ಕು ಫೋನ್, ಒಂದು ಲ್ಯಾಪ್‌ಟಾಪ್ ಒಂದೇ ಕೊಂಡಿಯಲ್ಲಿ ನೇತಾಡುವಾಗ ಈ ಜೂಜು ಬೇಡ.

ಕೊನೆಗೆ ಪೈ ಬೋರ್ಡಿಗೆ ಏನು ಮಾಡಿದ್ವಿ ಅಂತ ಕೇಳಿದರೆ, ಮೊದಲು ಒಂದು ಜಾಣತನ ಮಾಡಲು ಹೋದ್ವಿ. ಚಾರ್ಜರಿಂದ ಪವರ್ ಬ್ಯಾಂಕಿಗೆ, ಪವರ್ ಬ್ಯಾಂಕಿಂದ ಪೈಗೆ. ಮನೆಯ ಯುಪಿಎಸ್ ಥರ. ಆದರೆ ನಮ್ಮ ಪವರ್ ಬ್ಯಾಂಕಿಗೆ ಚಾರ್ಜರ್ ಹಾಕಿದಾಗಲೂ ತೆಗೆದಾಗಲೂ ಅದೂ ಒಂದು ಕ್ಷಣ ಕರೆಂಟ್ ಕಿತ್ತು ಕೊಡ್ತಿತ್ತು. ಪೈ ಮತ್ತೆ ರೀಬೂಟ್. ಆಮೇಲೆ ಜಾಣತನ ಬಿಟ್ಟು ಲೆಕ್ಕ ಮಾಡಿದ್ವಿ. ಕ್ಯಾಮೆರಾ ಸೇರಿ ನಮ್ಮ ಬೋರ್ಡ್ ಎಳೆಯೋದು ಸುಮಾರು 6 ವ್ಯಾಟ್. 10,000 ಮಿಲಿಆಂಪಿಯರ್-ಅವರ್ ಪವರ್ ಬ್ಯಾಂಕಿನಲ್ಲಿ 37 ವ್ಯಾಟ್-ಅವರ್, ನಷ್ಟ ಕಳೆದು 30 ಅಂದರೂ ಐದು ಗಂಟೆ. ಡೆಮೋ ದಿನ ಪೈ ಪವರ್ ಬ್ಯಾಂಕಿನ ಮೇಲೆ ಒಂಟಿಯಾಗಿ, ಪವರ್ ಬ್ಯಾಂಕಿಗೆ ಚಾರ್ಜರ್ ಹಾಕೋದು ಊಟದ ಹೊತ್ತಲ್ಲಿ, ಅದೂ ಪೈ ಅನ್ನು ಸರಿಯಾಗಿ ಶಟ್‌ಡೌನ್ ಮಾಡಿದ ಮೇಲೆ. ಜೊತೆಗೆ, ಕರೆಂಟ್ ಬಂದ ಕೂಡಲೇ ಪ್ರೋಗ್ರಾಂ ತಾನೇ ಶುರುವಾಗೋ ಹಾಗೆ ಸರ್ವಿಸ್ ಫೈಲ್ ಬರೆದಿಟ್ಟಿದ್ದೀವಿ. ಇದನ್ನು ಹುಬ್ಬಳ್ಳಿಗೆ ಮೊದಲೇ ಬರೆದಿದ್ದರೆ ಸರ್ ಇನ್ನೂ ಅರ್ಧ ನಿಮಿಷ ನಿಂತಿರ್ತಿದ್ದರೇನೋ.

ಮುಂದಿನ ತಿಂಗಳು ಮೈಸೂರಿಗೆ ಹೋಗೋದಿದೆ, ಅದೇ ಪ್ರಾಜೆಕ್ಟ್, ಅದೇ ನಾಲ್ಕು ಜನ, ಅದೇ ಚಾರ್ಜರ್. ಬದಲಾಗಿರೋದು ಇಷ್ಟು: ಎರಡು ದಪ್ಪ ಸಿ-ಟು-ಸಿ ಕೇಬಲ್, ಟ್ರಿಮ್ಮರ್ ಸಲುವಾಗಿ ಒಂದು ಎ-ಟು-ಸಿ, ಒಂದು ಪವರ್ ಬ್ಯಾಂಕ್. ಚಾರ್ಜರಿನ ಬೆನ್ನಿಗೆ ಪೇಪರ್ ಟೇಪ್ ಅಂಟಿಸಿ, ಆ ಸಣ್ಣ ಅಕ್ಷರದ ಹಂಚಿಕೆಯನ್ನು ಮಾರ್ಕರಿನಲ್ಲಿ ದೊಡ್ಡದಾಗಿ ಕನ್ನಡದಲ್ಲಿ ಬರೆದಿದ್ದೀವಿ. ಎ ಪೋರ್ಟಿನ ಮೇಲೆ ಬೇರೆ ಒಂದು ತುಂಡು ಟೇಪ್ ಇದೆ. ಅದರ ಮೇಲೆ, ಹುಬ್ಬಳ್ಳಿಯಲ್ಲಿ ಫೋನ್ ಹಾಕಿದವನೇ ತನ್ನ ಕೈಯಾರೆ ಬರೆದಿದ್ದಾನೆ: "ಕೇಳಿ ಹಾಕಿ."